ನಾಡಿದ್ದು ಸ್ಕೂಲ್ ಬೋರ್ಡ್ ಚುನಾವಣೆ, ಮರೆಯಬೇಡಿ

ಎಲ್ಲರಿಗೂ ಯುಗಾದಿ ಹಬ್ಬದ ಶುಭಾಶಯಗಳು. ಒಬ್ಬಟ್ಟಿನ ಗಡಿಬಿಡಿಯಲ್ಲೇ ಒಂದು ಮಾತು. ನಾಡಿದ್ದು ಮಂಗಳವಾರ, 2025ರ ಏಪ್ರಿಲ್ 1, ಅಮೆರಿಕದ ಇಲಿನಾಯ್ ರಾಜ್ಯದಲ್ಲಿರುವ ನಮ್ಮ ನೇಪರ್‌ವಿಲ್–ಅರೋರಾ ಕಡೆಯ ಸರ್ಕಾರಿ ಶಾಲೆಗಳನ್ನು ನಡೆಸುವ ಇಂಡಿಯನ್ ಪ್ರೈರಿ 204 ಸ್ಕೂಲ್ ಡಿಸ್ಟ್ರಿಕ್ಟ್‌ನ ಬೋರ್ಡ್ ಚುನಾವಣೆ. ಮತದಾನ ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ.

ಸಣ್ಣ ಚುನಾವಣೆ ಅಂತ ಸುಮ್ನೆ ಬಿಡಬೇಡಿ. ಬೋರ್ಡಿನಲ್ಲಿರುವುದು 7 ಜನ, ಸಂಬಳವಿಲ್ಲ, ಅವಧಿ 4 ವರ್ಷ. ಡಿಸ್ಟ್ರಿಕ್ಟ್‌ನ ಎಲ್ಲ ಶಾಲೆಗಳ ಮುಖ್ಯಸ್ಥರಾದ ಸೂಪರಿಂಟೆಂಡೆಂಟ್ ಯಾರಾಗಬೇಕು ಅಂತ ತೀರ್ಮಾನಿಸುವವರು ಅವರೇ. ಕಳೆದ ನವೆಂಬರಿನಲ್ಲಿ ಮತದಾರರು ಒಪ್ಪಿದ 42 ಕೋಟಿ ಡಾಲರ್ ಬಾಂಡ್ ಹಣದ (ಶಾಲೆಗಳಿಗಾಗಿ ಡಿಸ್ಟ್ರಿಕ್ಟ್ ಎತ್ತುವ ಸಾಲ) ಮೇಲೆ ಕಣ್ಣಿಡಬೇಕಾದವರೂ ಅವರೇ. ಮನೆಯ ಪ್ರಾಪರ್ಟಿ ಟ್ಯಾಕ್ಸ್ ಬಿಲ್ ಒಮ್ಮೆ ತೆಗೆದು ನೋಡಿ. ಎಲ್ಲಕ್ಕಿಂತ ದೊಡ್ಡ ಮೊತ್ತ ಶಾಲೆಯ ಸಾಲಿನಲ್ಲೇ ಇರುತ್ತದೆ, ಅಲ್ವಾ?

ಬ್ಯಾಲೆಟ್‌ನಲ್ಲಿ ಹೆಸರಿನ ಪಕ್ಕ ಪಕ್ಷ ಇರುವುದಿಲ್ಲ. ಅಭ್ಯರ್ಥಿಗಳ ಬಗ್ಗೆ ಮೊದಲೇ ಓದಿಕೊಂಡು ಹೋಗಿ. ನಾನಂತೂ ಚೀಟಿಯಲ್ಲಿ ಹೆಸರು ಬರೆದಿಟ್ಟುಕೊಂಡಿದ್ದೇನೆ.

ಸಿಟಿಜನ್ ಆಗಿದ್ದೂ ಇನ್ನೂ ನೋಂದಾಯಿಸದವರು ಎರಡು ಐಡಿ ತೆಗೆದುಕೊಂಡು ಹೋದರೆ ಅಂದೇ ನೋಂದಾಯಿಸಿ ಮತ ಹಾಕಬಹುದು. ಗ್ರೀನ್ ಕಾರ್ಡ್, ವೀಸಾದವರು ಮಾತ್ರ ದಯವಿಟ್ಟು ನೋಂದಾಯಿಸಲೇಬೇಡಿ, ಮುಂದೆ ಸಿಟಿಜನ್‌ಶಿಪ್‌ಗೇ ತೊಂದರೆಯಾಗುತ್ತದೆ. ಆದರೆ ಬೋರ್ಡ್ ಸಭೆಗೆ ಬಂದು ಮಾತಾಡಲು ನಿಮಗೂ ಅವಕಾಶವಿದೆ. ಬನ್ನಿ.

ಕಾರಿಲ್ಲದ ಹಿರಿಯರಿದ್ದರೆ ಇಲ್ಲೇ ತಿಳಿಸಿ. ಸಂಜೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ.