ಚಾಕು ಕೇಳಿದ ಗೆಳೆಯನಿಗೆ

ಕಲಬುರಗಿ

ಗೆಳೆಯಾ,

ಹೊಸ ಮನೆಗೆ ಒಂದು ಒಳ್ಳೆಯ ಚಾಕು ಬೇಕೆಂದು ನೀನು ಕೇಳಿ ಮೂರು ತಿಂಗಳಾಯಿತು. ಮರೆತಿಲ್ಲ. ಎರಡು ಸಲ ಮಾಡಿದೆ. ಎರಡು ಸಲವೂ ಅಪ್ಪ ಅಲಗಿನ ಮೇಲೆ ಹೆಬ್ಬೆರಳು ಆಡಿಸಿ, 'ಬೇರೆ ಮಾಡು' ಎಂದರು. ಅವರ ಅನುಮಾನಕ್ಕೆ ಕಾರಣವಿದೆ, ನಿನಗೆ ಹೇಳಿರಲಿಲ್ಲ.

ಶರಣಬಸವೇಶ್ವರ ಜಾತ್ರೆಯಲ್ಲಿ ನಮ್ಮ ಅಂಗಡಿ ಮುತ್ಯಾನ ಕಾಲದ್ದು. ಲಾರಿಯ ಕಮಾನು ಪಟ್ಟಿಯನ್ನು ಬಡಿದು ಅವರು ತೊಗರಿ ಕೊಯ್ಯುವ ಕುಡುಗೋಲು ಮಾಡುತ್ತಿದ್ದರು. ಈಗ ಅಡುಗೆಮನೆಯ ಚಾಕುವೇ ನಮಗೆ ಅನ್ನ. ಹೋದ ವರ್ಷ ಜಾತ್ರೆ ಹತ್ತಿರ ಬಂತೆಂದು ನಾನು ಹದ ಕೊಡುವುದರಲ್ಲಿ ಅವಸರ ಮಾಡಿದೆ. ಕೆಂಪಗೆ ಕಾಯ್ದ ಅಲಗನ್ನು ಎಣ್ಣೆಯಲ್ಲಿ ಅದ್ದಿದರೆ ಉಕ್ಕು ಗಡುಸಾಗುತ್ತದೆ, ಜೊತೆಗೆ ಗಾಜಿನಂತೆ ಪೆಡಸೂ ಆಗುತ್ತದೆ. ಮತ್ತೆ 200 ಡಿಗ್ರಿ ದಾಟುವವರೆಗೆ ನಿಧಾನವಾಗಿ ಕಾಯಿಸಿ, ತಿಕ್ಕಿದ ಉಕ್ಕಿನ ಮೇಲೆ ಒಣ ಜೋಳದ ಕಣಕಿಯ ಬಣ್ಣ ಏರಿದಾಗ ತೆಗೆಯಬೇಕು. ನಾನು ಬಣ್ಣಕ್ಕೆ ಕಾಯಲಿಲ್ಲ.

ಜಾತ್ರೆಯ ಮೂರನೆಯ ದಿನ ಒಬ್ಬ ಆಯಿ ಚಾಕು ಮರಳಿ ತಂದರು. ಒಣಕೊಬ್ಬರಿ ಹೆಚ್ಚುವಾಗ ಅಂಚು ಚಕ್ಕೆ ಎದ್ದಿತ್ತು. 'ಕೊಬ್ಬರಿಗೇ ಹಲ್ಲು ಉದುರಿಸಿಕೊಂಡಿತಲ್ಲೋ ತಮ್ಮಾ' ಎಂದು ನಕ್ಕರು. ಅಪ್ಪ ನಗಲಿಲ್ಲ. ಹಣ ಕೊಟ್ಟು ಕಳಿಸಿ, ರಟ್ಟಿನ ಮೇಲೆ 'ಮೊನ್ನೆ ಒಯ್ದ ಚಾಕು ಮರಳಿ ತನ್ನಿ' ಎಂದು ನನ್ನ ಕೈಯಲ್ಲೇ ಬರೆಸಿ ಅಂಗಡಿಯ ಮುಂದೆ ತೂಗಿಸಿದರು. ಪಕ್ಕದ ಬಳೆ ಅಂಗಡಿಯವನು ಅದನ್ನು ಗಟ್ಟಿಯಾಗಿ ಓದಿದ್ದು ಬೇರೆ! ಮಾರಿದ್ದು 40, ಮರಳಿ ಬಂದದ್ದು 11. ಉಳಿದ ಮಾಲಿನ ಹಿಡಿಗಳನ್ನೆಲ್ಲ ಬಿಚ್ಚಿ, ರಿವೆಟ್ ಕಿತ್ತು, ಮತ್ತೆ ಹದಕ್ಕೆ ಹಾಕಲು ಯುಗಾದಿ ದಾಟಿತು. ಅಪ್ಪ ಒಂದು ಮಾತೂ ಬೈಯಲಿಲ್ಲ, ಅದೇ ಕಷ್ಟವಾಯಿತು.

ವ್ಯಾಪಾರಿಗಳು ಕೇಳುವುದು ಸ್ಟೇನ್‌ಲೆಸ್ ತಗಡಿನ ಹೊಳೆಯುವ ಚಾಕು. ತುಕ್ಕು ಹಿಡಿಯುವುದು ಕಡಿಮೆ, ಕಣ್ಣಿಗೂ ಚೆಂದ. ಅದನ್ನೂ ಮಾಡುತ್ತೇವೆ, ಸಾಲದ ಕಂತು ಇದೆಯಲ್ಲ. ನಿನ್ನದು ಮಾತ್ರ ಕಮಾನು ಪಟ್ಟಿಯದು, ಜಾಲಿ ಮರದ ಹಿಡಿ. ಹುಣಸೆಹಣ್ಣು ತಗುಲಿದರೆ ಕಪ್ಪಾಗುತ್ತದೆ, ಹೆದರಬೇಡ. ತೊಳೆದ ಕೂಡಲೇ ಒರೆಸಿಡು, ಇಲ್ಲವಾದರೆ ಬೆಳಗಾಗುವುದರೊಳಗೆ ತುಕ್ಕು ಕಾಣುತ್ತದೆ.

ಮೂರನೆಯದನ್ನು ಮೊನ್ನೆ ತೋರಿಸಿದೆ. ಅಪ್ಪ ಹೆಬ್ಬೆರಳು ಆಡಿಸಿದರು, ಏನೂ ಹೇಳದೆ ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟರು. ಅಂಚೆಯಲ್ಲಿ ಕಳಿಸುವುದಿಲ್ಲ. ಹೋಳಿ ಮುಗಿದ ಮೇಲೆ ಜಾತ್ರೆಗೆ ಬಾ. ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂದು ಅವ್ವ ಈಗಲೂ ಹೇಳುತ್ತಾಳೆ. ಹಲಗೆಯ ಮೇಲೆ ಇಡುತ್ತೇನೆ, ನೀನೇ ತೆಗೆದುಕೋ.

ನಿನ್ನ ಗೆಳೆಯ