ಅಂಗಡಿ ಕಂಪ್ಯೂಟರಿನ ಅಪ್‌ಗ್ರೇಡ್ ಬಗ್ಗೆ ಪುಟ್ಟಿಗೆ ಬರೆದ ಪತ್ರ

ದಾವಣಗೆರೆ

ಚಿ. ಸೌ. ಪುಟ್ಟಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ದುರ್ಗದಲ್ಲಿ ನೀವೂ ಕ್ಷೇಮವೆಂದು ನಂಬಿದ್ದೇನೆ. ಅಂಗಡಿಯ ಕಂಪ್ಯೂಟರನ್ನು ನಡೆಸುವ ತಂತ್ರಾಂಶ ಇನ್ನೂ ಉಬುಂಟು 20.04 ಆಗಿದೆ, ಕೆಲಸವೇನೂ ನಿಂತಿಲ್ಲ, ಅಪ್‌ಗ್ರೇಡ್ ಮಾಡಲೋ ಬಿಡಲೋ ಅಂತ ಕೇಳಿದ್ದೀಯ. ಮಾಡಲೇಬೇಕು ಕಣಮ್ಮ. ಆದರೆ ಗಿರಾಕಿ ಎದುರಿಗೆ ಕೂತಿರುವಾಗ ಪರದೆ ಮೇಲೆ ಏನೋ ಕೇಳಿತು ಅಂತ ಬಟನ್ ಒತ್ತಿಬಿಡುವ ಕೆಲಸ ಇದಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು, ಯಾಕೆ ಮಾಡಬೇಕು ಅನ್ನುವುದು. ನಮ್ಮೂರ ದುಗ್ಗಮ್ಮನ ಜಾತ್ರೆಯ ಹಾಗೆ ಉಬುಂಟುವಿನ ದೀರ್ಘಾವಧಿಯ ಆವೃತ್ತಿಯೂ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಅದರ ನಂಬರಿನಲ್ಲೇ ಹುಟ್ಟಿದ ದಿನ ಇರುತ್ತದೆ. 20.04 ಅಂದರೆ 2020ರ ನಾಲ್ಕನೇ ತಿಂಗಳು, ಏಪ್ರಿಲ್. ಐದು ವರ್ಷ ಅದಕ್ಕೆ ಸೆಕ್ಯುರಿಟಿ ಅಪ್‌ಡೇಟ್ ಕೊಡುತ್ತಾರೆ. ನಿನ್ನ 20.04ರ ಆ ಅವಧಿ 2025ರ ಮೇ ತಿಂಗಳಿಗೆ ಮುಗಿದುಹೋಯಿತು. ಮುಗಿದ ಮರುದಿನ ಕಂಪ್ಯೂಟರ್ ಕೆಟ್ಟು ಕೂರುವುದಿಲ್ಲ. ಎಂದಿನಂತೆ ಆನ್ ಆಗುತ್ತದೆ, ಪ್ರಿಂಟ್ ಕೊಡುತ್ತದೆ. ಅದಕ್ಕೇ ಜನ ಸುಮ್ಮನಿದ್ದುಬಿಡುತ್ತಾರೆ. ಆಮೇಲೆ ಪತ್ತೆಯಾದ ಲೋಪಗಳನ್ನು ಮುಚ್ಚುವವರು ಮಾತ್ರ ಯಾರೂ ಇರುವುದಿಲ್ಲ.

ಮನೆಯಲ್ಲಿ ಮಕ್ಕಳು ಹಾಡು ಕೇಳುವ ಕಂಪ್ಯೂಟರ್ ಆಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ನಿನ್ನ ಟೇಬಲ್ಲಿಗೆ ಬರುವುದು ಏನೇನು ಅಂತ ಒಮ್ಮೆ ಯೋಚಿಸು. ಚಳ್ಳಕೆರೆ ಕಡೆಯ ರೈತನ ಪಹಣಿ, ಹಾಸ್ಟೆಲ್ ಹುಡುಗಿಯ ಮಾರ್ಕ್ಸ್ ಕಾರ್ಡು, ಜಾತಿ-ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ. ಅವರು ಒಟಿಪಿಯನ್ನೂ ನಿನಗೇ ಓದಿ ಹೇಳುತ್ತಾರೆ. ಆ ಹಾಳೆಗಳು ಹಾದುಹೋಗುವ ಯಂತ್ರವನ್ನು ಕಾಪಾಡುವುದು ನಿನ್ನ ಹೊಣೆ. ಅವರಲ್ಲಿ ಯಾರೂ ಬಂದು ನಿನ್ನ ಉಬುಂಟು ಯಾವುದಮ್ಮಾ ಅಂತ ಕೇಳುವುದಿಲ್ಲ, ನೀನಾಗಿಯೇ ನೋಡಿಕೊಳ್ಳಬೇಕು.

ಈಗ ಅಂಗಡಿಯಲ್ಲಿ ಅರ್ಜಿಗಳ ನೂಕುನುಗ್ಗಲು ಇದ್ದರೆ ತಾತ್ಕಾಲಿಕವಾಗಿ ಒಂದು ದಾರಿ ಇದೆ. ಉಬುಂಟು ಪ್ರೊ ಅಂತ ಒಂದು ಸೇವೆ ಇದೆ. ಐದು ಯಂತ್ರಗಳವರೆಗೆ ಉಚಿತ. ಅಕೌಂಟ್ ಮಾಡಿಕೊಂಡು ಅವರು ಕೊಡುವ ಟೋಕನ್, ಅಂದರೆ ಗುರುತಿನ ಸಂಕೇತ ಹಾಕಿದರೆ 20.04ಕ್ಕೂ ಸೆಕ್ಯುರಿಟಿ ಅಪ್‌ಡೇಟ್ ಮತ್ತೆ ಬರತೊಡಗುತ್ತದೆ. ಇವತ್ತೇ ಸಂಜೆ ಅಷ್ಟು ಮಾಡಿಬಿಡು. ಅದನ್ನು ನಂಬಿ ವರ್ಷಗಟ್ಟಲೆ ಕೂರಬೇಡ. ಬ್ರೌಸರು, ಪ್ರಿಂಟರಿನ ಡ್ರೈವರು ಎಲ್ಲವೂ ನಿಧಾನವಾಗಿ ಹಳೆಯ ಆವೃತ್ತಿಯ ಕೈ ಬಿಡುತ್ತವೆ.

20.04ರಿಂದ ನೇರವಾಗಿ 24.04ಕ್ಕೆ ಜಿಗಿಯಲು ಬರುವುದಿಲ್ಲ. ಮೊದಲು 22.04, ಅಲ್ಲಿಂದ 24.04. ನನ್ನ ಮಾತು ಕೇಳುವುದಾದರೆ 22.04ಕ್ಕೆ ಹೋಗಿ, ಕೆಲವು ವಾರ ಅದರಲ್ಲೇ ಅಂಗಡಿ ನಡೆಸಿ, ಎಲ್ಲ ಸರಿಯಿದೆ ಅಂತ ಖಾತ್ರಿಯಾದ ಮೇಲೆ ಮುಂದಿನ ಮೆಟ್ಟಿಲು ಹತ್ತು. 22.04ಕ್ಕೆ 2027ರವರೆಗೆ, 24.04ಕ್ಕೆ 2029ರವರೆಗೆ ಬೆಂಬಲ ಇದೆ, ಆತುರವೇನಿಲ್ಲ. ಹೊಸದು ಬಿಡುಗಡೆಯಾದ ದಿನವೇ ಹಾಕಿಕೊಳ್ಳಬೇಕೆಂಬ ಚಪಲವೂ ಬೇಡ. 24.04 ಬಂದಿದ್ದು 2024ರ ಏಪ್ರಿಲ್‌ನಲ್ಲಾದರೂ 22.04 ಇಟ್ಟುಕೊಂಡಿದ್ದವರಿಗೆ ಉಬುಂಟುವಿನವರೇ ಬಾಗಿಲು ತೆರೆದಿದ್ದು ಆಗಸ್ಟ್ ಕೊನೆಗೆ 24.04.1 ಅನ್ನುವ ಅದರ ಮೊದಲ ಪರಿಷ್ಕರಣೆ ಬಂದ ಮೇಲೆ. ಅದಾದ ಮೇಲೂ ಅಪ್‌ಗ್ರೇಡ್ ಮಾಡುವ ಸಾಧನದಲ್ಲೇ ಲೋಪ ಕಂಡು ಕೆಲಕಾಲ ನಿಲ್ಲಿಸಿದ್ದರು. ಮಾಡಿದವರೇ ಅಷ್ಟು ಕಾಯುತ್ತಾರೆಂದರೆ ನಾವು ಕಾಯುವುದರಲ್ಲಿ ತಪ್ಪೇನಿದೆ?

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಅಪ್‌ಗ್ರೇಡ್ ಆದ ಮೇಲೆ ಇಷ್ಟವಾಗಲಿಲ್ಲ, ಹಳೆಯದಕ್ಕೇ ಹೋಗುತ್ತೇನೆ ಅಂದರೆ ಉಬುಂಟುವಿನಲ್ಲಿ ಅಂಥ ಗುಂಡಿ ಇಲ್ಲ. ಹಿಂದಿರುಗುವ ದಾರಿಯನ್ನು ನಾವೇ ಮೊದಲು ಕಟ್ಟಿಟ್ಟುಕೊಳ್ಳಬೇಕು. ಈಗಿನ ಡಿಸ್ಕಿನಷ್ಟೇ ಅಥವಾ ಅದಕ್ಕಿಂತ ದೊಡ್ಡದಾದ ಒಂದು ಎಸ್‌ಎಸ್‌ಡಿ, ಅಂದರೆ ಹೊಸ ಬಗೆಯ ಡಿಸ್ಕು, ತೆಗೆದುಕೋ. ಕ್ಲೋನ್‌ಜಿಲ್ಲಾ ಅನ್ನುವ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ, ಅದರಿಂದ ಕಂಪ್ಯೂಟರ್ ಆನ್ ಮಾಡಿ, ಇಡೀ ಡಿಸ್ಕನ್ನು ಇದ್ದ ಹಾಗೇ ಹೊಸದಕ್ಕೆ ನಕಲು ಮಾಡಬಹುದು. ಅದು ಯಾವುದರಿಂದ ಯಾವುದಕ್ಕೆ ಅಂತ ಕೇಳುತ್ತದೆ. ಅಲ್ಲಿ ಡಿಸ್ಕಿನ ಕಂಪನಿ ಹೆಸರು, ಅಳತೆ ಎರಡನ್ನೂ ಬಾಯಿಬಿಟ್ಟು ಓದಿ ಆಮೇಲೆ ಎಂಟರ್ ಒತ್ತು. ತಿರುವುಮುರುವಾದರೆ ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಕೂತುಬಿಡುತ್ತದೆ. ಆ ಒಂದು ನಿಮಿಷ ಅಂಗಡಿಯಲ್ಲಿ ಯಾರನ್ನೂ ಮಾತನಾಡಿಸಬೇಡ.

ನಕಲು ತೆಗೆಯುವ ಮುಂಚೆ ಡೌನ್‌ಲೋಡ್ಸ್ ಫೋಲ್ಡರ್ ತೆರೆದು ನೋಡು. ವರ್ಷಗಳಿಂದ ಬಂದು ಹೋದವರ ಆಧಾರ್ ಪಿಡಿಎಫ್‌ಗಳು ಅಲ್ಲೇ ಬಿದ್ದಿರುತ್ತವೆ, ನನಗೆ ಗೊತ್ತು. ಕೆಲಸ ಮುಗಿದವರ ಕಾಗದಗಳನ್ನು ಅಳಿಸು, ಟ್ರ್ಯಾಶನ್ನೂ ಖಾಲಿ ಮಾಡು. ಬೇರೆಯವರ ದಾಖಲೆಗಳನ್ನು ಇನ್ನೊಂದು ಡಿಸ್ಕಿಗೂ ಹೊತ್ತುಕೊಂಡು ಹೋಗುವುದು ಬೇಡ. ನಕಲಾದ ಎಸ್‌ಎಸ್‌ಡಿ ಬೀರುವಿನಲ್ಲಿ ಬೀಗದೊಳಗಿರಲಿ, ಅಂಗಡಿಯ ಡ್ರಾಯರಿನಲ್ಲಿ ಬೇಡ.

ಇದಲ್ಲದೆ ನಿನ್ನ ಸ್ವಂತ ಫೈಲುಗಳನ್ನು ಪ್ರತ್ಯೇಕವಾಗಿ ಇನ್ನೊಂದು ಪೆನ್‌ಡ್ರೈವಿನಲ್ಲಿ ಇಡು. ಹೋಮ್ ಫೋಲ್ಡರಿನಲ್ಲಿ ಕಂಟ್ರೋಲ್ ಎಚ್ ಒತ್ತಿದರೆ ಚುಕ್ಕೆಯಿಂದ ಶುರುವಾಗುವ ಅಡಗಿದ ಫೋಲ್ಡರುಗಳು ಕಾಣುತ್ತವೆ. ಅದರಲ್ಲಿ ಫಾಂಟ್ಸ್ ಅಂತ ಒಂದಿದೆಯಲ್ಲ, ನಾವು ಕೈಯಿಂದ ಹಾಕಿದ ಹಳೆಯ ನುಡಿ ಫಾಂಟುಗಳೆಲ್ಲ ಇರುವುದು ಅಲ್ಲಿ. ಕಾಣುವುದನ್ನಷ್ಟೇ ಕಾಪಿ ಮಾಡಿದರೆ ಅದು ಬಿಟ್ಟುಹೋಗುತ್ತದೆ. ಕಾಪಿ ಆದ ಮೇಲೆ ಅದನ್ನು ನಿಮ್ಮ ಯಜಮಾನರ ಲ್ಯಾಪ್‌ಟಾಪಿಗೆ ಚುಚ್ಚಿ, ಹಳೆಯದೊಂದು ಲಗ್ನಪತ್ರಿಕೆ, ಹೊಸದೊಂದು ಬಾಡಿಗೆ ಕರಾರುಪತ್ರ ತೆರೆದು ನೋಡು. ತೆರೆದು ಓದಲು ಬಂದರೇನೇ ಅದನ್ನು ಬ್ಯಾಕಪ್ ಅಂತ ಲೆಕ್ಕಕ್ಕೆ ಹಿಡಿ.

ಹಳೆಯ ನುಡಿ ಫಾಂಟಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಯುನಿಕೋಡ್, ಅಂದರೆ ಎಲ್ಲ ಕಂಪ್ಯೂಟರುಗಳಲ್ಲೂ ಕನ್ನಡಕ್ಕೆ ಒಂದೇ ಸಂಕೇತ ಬಳಸುವ ಪದ್ಧತಿ, ರೂಢಿಗೆ ಬರುವ ಮುಂಚಿನ ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದರು. ಫಾಂಟ್ ಸಿಗದಿದ್ದರೆ ಕರಾರುಪತ್ರದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಅದನ್ನು ನೋಡಿ ಫೈಲ್ ಕೆಟ್ಟಿತು ಅಂತ ಗಾಬರಿಯಾಗಿ ಅಳಿಸಬೇಡ, ಸೇವ್ ಕೂಡ ಮಾಡಬೇಡ. ಸುಮ್ಮನೆ ಮುಚ್ಚಿ, ಫಾಂಟನ್ನು ಮತ್ತೆ ಅದರ ಜಾಗಕ್ಕೆ ಹಾಕಿ ತೆರೆ, ಸರಿಹೋಗುತ್ತದೆ. ಗುಬ್ಬಿ, ನವಿಲು, ಲೋಹಿತ್ ಇವೆಲ್ಲ ಯುನಿಕೋಡ್ ಫಾಂಟುಗಳು, ಉಬುಂಟುವಿನ ಭಂಡಾರದಲ್ಲೇ ಸಿಗುತ್ತವೆ, ಅವುಗಳ ಚಿಂತೆ ಇಲ್ಲ. ನೀನು ಟೈಪ್ ಮಾಡುವ ಕಗಪ ಕೀಲಿಮಣೆ ವಿನ್ಯಾಸ ನಡೆಯುವುದು ಐಬಸ್-ಎಂ17ಎನ್ ಅನ್ನುವ ಪ್ಯಾಕೇಜಿನಿಂದ (ಪ್ಯಾಕೇಜ್ ಅಂದರೆ ತಂತ್ರಾಂಶದ ಒಂದು ಕಟ್ಟು). ಅಪ್‌ಗ್ರೇಡ್ ಆದ ಕೂಡಲೇ ಅದು ಉಳಿದಿದೆಯೇ ಅಂತ ನೋಡಿಕೋ. ಸೋಮವಾರ ಬೆಳಿಗ್ಗೆ ಗಿರಾಕಿ ಅರ್ಜಿ ಬರೆಸಲು ಬಂದಾಗ ಒತ್ತಕ್ಷರ ಮೂಡದೆ ಒದ್ದಾಡುವುದು ಬೇಡ.

ಇನ್ನೊಂದು, ಇದು ಅಚ್ಚಿನ ಕೆಲಸ ಮಾಡಿದವನಾಗಿ ಹೇಳುವುದು. ಪತ್ರ ಟೈಪ್ ಮಾಡುವ ಲಿಬ್ರೆ ಆಫೀಸ್ ತಂತ್ರಾಂಶ 20.04ರಲ್ಲಿ 6.4 ಇದೆ, 22.04ರಲ್ಲಿ 7.3 ಬರುತ್ತದೆ. ಆವೃತ್ತಿ ಬದಲಾದಾಗ ಸಾಲು ಮುರಿಯುವ ಜಾಗ ಒಂದಿಷ್ಟು ಆಚೀಚೆ ಆಗಬಹುದು. ಅರ್ಜಿಯಾದರೆ ನಡೆಯುತ್ತದೆ. ಸ್ಟಾಂಪ್ ಪೇಪರಿನಲ್ಲಿ ಕೊನೆಯ ಸಾಲು ಮುಂದಿನ ಹಾಳೆಗೆ ಜಾರಿದರೆ ನಡೆಯುವುದಿಲ್ಲ. ಅದಕ್ಕೆ ನಿತ್ಯ ಬಳಸುವ ನಮೂನೆಗಳನ್ನೆಲ್ಲ ಈಗಲೇ ಪಿಡಿಎಫ್ ಮಾಡಿ ಪ್ರಿಂಟ್ ತೆಗೆದಿಡು. ಆಮೇಲಿನದನ್ನು ಬೆಳಕಿಗೆ ಹಿಡಿದು ಅದರ ಮೇಲಿಟ್ಟು ನೋಡು.

ಪ್ರಿಂಟರ್ ನಿನ್ನದು ಎಚ್‌ಪಿ ಲೇಸರ್‌ಜೆಟ್ 1020. ಗಟ್ಟಿ ಯಂತ್ರ, ಕೈಬಿಡಬೇಡ. ಆದರೆ ಅದಕ್ಕೆ ಬೇಕಾದ ಫರ್ಮ್‌ವೇರ್, ಅಂದರೆ ಅದನ್ನು ಒಳಗಿನಿಂದ ನಡೆಸುವ ತಂತ್ರಾಂಶ, ಅದರೊಳಗೆ ಉಳಿಯುವುದಿಲ್ಲ, ಪ್ರತಿ ಸಲ ಆನ್ ಮಾಡಿದಾಗ ಕಂಪ್ಯೂಟರ್ ಕಳಿಸಬೇಕು. ಎಚ್‌ಪಿಲಿಪ್ ಅನ್ನುವ ಎಚ್‌ಪಿ ಪ್ರಿಂಟರ್ ತಂತ್ರಾಂಶದ ಪ್ಲಗಿನ್ (ಅದಕ್ಕೆ ಸೇರಿಸುವ ತುಣುಕು) ಮಾಡುವುದು ಆ ಕೆಲಸ. ಅಪ್‌ಗ್ರೇಡ್‌ನಲ್ಲಿ ಎಚ್‌ಪಿಲಿಪ್ ಹೊಸದಾಗುತ್ತದೆ, ಹಳೆಯ ಪ್ಲಗಿನ್ ಅದಕ್ಕೆ ಹೊಂದುವುದಿಲ್ಲ. ದೀಪ ಹೊತ್ತಿರುತ್ತದೆ, ಕೊಟ್ಟ ಕೆಲಸ ಸಾಲಿನಲ್ಲಿ ನಿಂತಿರುತ್ತದೆ, ಹಾಳೆ ಮಾತ್ರ ಹೊರಗೆ ಬರುವುದಿಲ್ಲ. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ಎಚ್‌ಪಿ-ಪ್ಲಗಿನ್ (hp-plugin) ಅಂತ ಕೊಟ್ಟು ಹೊಸದನ್ನು ಇಳಿಸಿ, ಪ್ರಿಂಟರ್ ಆಫ್ ಮಾಡಿ ಆನ್ ಮಾಡು. ರಿಪೇರಿಯವನನ್ನು ಕರೆಯುವ ಅಗತ್ಯ ಬರುವುದಿಲ್ಲ.

ದಿನ ಆರಿಸುವಾಗ ಶನಿವಾರ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಶುರುಮಾಡು, ಭಾನುವಾರ ಕೈಯಲ್ಲಿರುತ್ತದೆ. ಕಾಲೇಜು ಅಡ್ಮಿಷನ್, ಸ್ಕಾಲರ್‌ಶಿಪ್ ಕೊನೆಯ ದಿನ ಇಂಥ ವಾರಗಳು ಬೇಡವೇ ಬೇಡ. ಕರೆಂಟಿನ ಬಗ್ಗೆ ಜಾಗ್ರತೆ. ಡೌನ್‌ಲೋಡ್ ಆಗುವಾಗ ಕರೆಂಟ್ ಹೋದರೆ ಏನೂ ನಷ್ಟವಿಲ್ಲ, ಇನ್‌ಸ್ಟಾಲ್ ನಡೆಯುವಾಗ ಹೋದರೆ ಪ್ಯಾಕೇಜುಗಳು ಅರ್ಧಂಬರ್ಧ ಕೂರುತ್ತವೆ. ಅಂಗಡಿಯ ಪುಟ್ಟ ಯುಪಿಎಸ್ ಕಂಪ್ಯೂಟರ್ ಆಫ್ ಮಾಡಿಕೊಳ್ಳುವಷ್ಟು ಹೊತ್ತು ಮಾತ್ರ ತಾಳುತ್ತದೆ. ಸಿಪಿಯು ಮನೆಗೆ ತಂದು ಇನ್ವರ್ಟರ್ ಲೈನಿಗೆ ಹಾಕು. ಅಕಸ್ಮಾತ್ ನಡುವೆ ನಿಂತೇ ಹೋದರೆ ಟರ್ಮಿನಲ್‌ನಲ್ಲಿ ಡಿಪಿಕೆಜಿ ಕಾನ್ಫಿಗರ್ ಕಮಾಂಡ್ (sudo dpkg --configure -a) ಕೊಟ್ಟರೆ ಬಹುಮಟ್ಟಿಗೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ.

ಶುರುಮಾಡುವ ಮೊದಲು 20.04ರ ಬಾಕಿ ಅಪ್‌ಡೇಟುಗಳನ್ನೆಲ್ಲ ಹಾಕಿ ರೀಸ್ಟಾರ್ಟ್ ಮಾಡು, ಬಾಕಿ ಇದ್ದರೆ ಅದು ಮುಂದಕ್ಕೆ ಬಿಡುವುದಿಲ್ಲ. ಹೊರಗಿನಿಂದ ಸೇರಿಸಿದ ಪಿಪಿಎಗಳನ್ನು, ಅಂದರೆ ಬೇರೆಯವರ ತಂತ್ರಾಂಶ ಭಂಡಾರಗಳನ್ನು, ಅದೇ ಬಂದ್ ಮಾಡುತ್ತದೆ, ಯಾವ್ಯಾವುದು ಇತ್ತು ಅಂತ ಮೊದಲೇ ಬರೆದಿಟ್ಟುಕೋ. ನಡುನಡುವೆ ನಿಲ್ಲಿಸಿ, ಈ ಸೆಟ್ಟಿಂಗ್ ಫೈಲನ್ನು ನೀನು ಬದಲಾಯಿಸಿದ್ದೀಯ, ಹಳೆಯದೇ ಇರಲೋ ಹೊಸದು ಹಾಕಲೋ ಅಂತ ಕೇಳುತ್ತದೆ. ಗೊತ್ತಾಗದಿದ್ದರೆ ಹಳೆಯದನ್ನೇ ಇಟ್ಟುಕೋ. ಇದಕ್ಕಾಗಿ ಎದುರಿಗೆ ಕೂತಿರಬೇಕು, ಹಚ್ಚಿಟ್ಟು ಮಲಗಬೇಡ. ಉತ್ತರ ಸಿಗದಿದ್ದರೆ ಬೆಳಗಾದರೂ ಅಲ್ಲೇ ನಿಂತಿರುತ್ತದೆ.

22.04ರಲ್ಲಿ ಫೈರ್‌ಫಾಕ್ಸ್ ಬ್ರೌಸರು ಸ್ನ್ಯಾಪ್ ಅನ್ನುವ ಬೇರೆ ಬಗೆಯ ಪ್ಯಾಕೇಜಾಗಿ ಬರುತ್ತದೆ. ಮೊದಲ ಸಲ ತೆರೆಯಲು ತಡವಾಗುತ್ತದೆ, ಹೆದರಬೇಡ. ಸರ್ಕಾರಿ ಪೋರ್ಟಲುಗಳ ಬುಕ್‌ಮಾರ್ಕ್‌ಗಳನ್ನು ಮಾತ್ರ ಮುಂಚೆಯೇ ಒಂದು ಫೈಲಿಗೆ ಇಳಿಸಿಡು. ಪರದೆಯ ಮೇಲೆ ಚಿತ್ರ ಮೂಡಿಸುವ ವ್ಯವಸ್ಥೆಯೂ ಸಾಮಾನ್ಯವಾಗಿ ವೇಲ್ಯಾಂಡ್ ಅನ್ನುವ ಹೊಸದಾಗುತ್ತದೆ. ದೂರದಿಂದ ನಿನ್ನ ಪರದೆ ನೋಡಲು ನಾನು ಬಳಸುವ ತಂತ್ರಾಂಶ ಅದರಲ್ಲಿ ತಕರಾರು ಮಾಡಬಹುದು. ಲಾಗಿನ್ ಆಗುವಾಗ ಮೂಲೆಯ ಹಲ್ಲುಗಾಲಿ ಚಿಹ್ನೆ ಒತ್ತಿ ಕ್ಸಾರ್ಗ್ (Xorg) ಆರಿಸಿಕೊಂಡರೆ ಹಳೆಯ ಪದ್ಧತಿ ಸಿಗುತ್ತದೆ.

ಕ್ಲೋನ್‌ಜಿಲ್ಲಾ ಪೆನ್‌ಡ್ರೈವ್ ಇಲ್ಲಿಂದ ಸಿದ್ಧ ಮಾಡಿ ನಾನೇ ತರುತ್ತೇನೆ. ದುರ್ಗ ಏನು ದೂರ, ಭರಮಸಾಗರ ದಾಟಿದರೆ ಬಂದೇಬಿಟ್ಟಿತು. ಈಗಿನ ಡಿಸ್ಕಿನ ಅಳತೆ ಎಷ್ಟು, ಅದರಲ್ಲಿ ತುಂಬಿರುವುದೆಷ್ಟು ಅಂತ ನೋಡಿ ವಾಟ್ಸಾಪ್ ಮಾಡು, ಎಸ್‌ಎಸ್‌ಡಿ ಕೊಳ್ಳುವುದು ಅದರ ಮೇಲೆ. ಯಾವ ಶನಿವಾರ ಅಂತಲೂ ತಿಳಿಸು. ಅಕ್ಕನಿಗೆ ನನ್ನ ನಮಸ್ಕಾರ ಹೇಳು, ಮಕ್ಕಳಿಗೆ ಆಶೀರ್ವಾದ.

ಇಂತಿ
ನಿನ್ನ ಸೋದರಮಾವ