ಏಷ್ಯನ್ ದಿನಸಿ ಅಂಗಡಿಯ ಆ ಅಕ್ಕನಿಗೆ

ಮನೆಗೆ ಊಟಕ್ಕೆ ಬರುವವರು ಅಪ್ಪಟ ಸಸ್ಯಾಹಾರಿಗಳು. ಅವರಿಗೆ ಮಿಸೊ (ಜಪಾನಿನ ಹುದುಗಿಸಿದ ಸೋಯಾ ಪೇಸ್ಟ್) ಸೂಪ್ ಮಾಡಿಕೊಡುವ ಆಸೆ ನನಗೆ. ಆದರೆ ಕಪಾಟಿನ ತುಂಬ ಜಪಾನಿ, ಕೊರಿಯನ್ ಅಕ್ಷರಗಳು. ಯಾವುದರಲ್ಲಿ ಮೀನಿದೆ, ಯಾವುದರಲ್ಲಿ ಇಲ್ಲ ಅಂತ ಹೇಗೆ ತಿಳಿಯಬೇಕು? ಅರ್ಧ ಧೈರ್ಯ ಅಲ್ಲೇ ಹೋಗಿತ್ತು.

ಪಕ್ಕದಲ್ಲಿ ಡಬ್ಬಿ ಜೋಡಿಸುತ್ತಿದ್ದ ನೀವು ಕೆಲಸ ಬಿಟ್ಟು ಬಂದಿರಿ. ನನ್ನ ಕೈಲಿದ್ದ ಪೊಟ್ಟಣವನ್ನು ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟಿರಿ. ದಾಶಿ ಎಂಬ ಜಪಾನಿ ಸಾರು ಸೇರಿದೆ, ಅಂದರೆ ಹೆಚ್ಚಾಗಿ ಮೀನೇ. ಅದನ್ನು ವಾಪಸ್ ಇಟ್ಟು, ಬರೀ ಸೋಯಾ, ಅಕ್ಕಿ, ಉಪ್ಪು ಇರುವ ಬಿಳಿ ಮಿಸೊ ಕೊಟ್ಟಿರಿ. ಕೆಂಪು ಮಿಸೊ ಉಪ್ಪು ಜಾಸ್ತಿ, ಮೊದಲ ಸಲಕ್ಕೆ ಇದೇ ಸರಿ ಅಂದಿರಿ. ಸೂಪಿಗೆ ರುಚಿ ಬರಲೆಂದು ಕೊಂಬು ಎಂಬ ಒಣ ಕಡಲಕಳೆಯನ್ನೂ ಹುಡುಕಿಕೊಟ್ಟಿರಿ. ನಾನು ಕಿಮ್ಚಿ ಎಂಬ ಕೊರಿಯನ್ ಉಪ್ಪಿನಕಾಯಿಯ ಜಾಡಿಗೆ ಕೈ ಹಾಕಿದಾಗ ಸುಮ್ನೆ ತಲೆ ಅಲ್ಲಾಡಿಸಿ, ಹಿಂದಿನ ಸಾಲಿನಿಂದ ಮೀನಿನ ಸಾಸ್, ಸಿಗಡಿ ಎರಡೂ ಇಲ್ಲದ್ದನ್ನು ಎಳೆದು ತಂದಿರಿ.

ಕೊನೆಗೆ ಬಿಲ್ಲಿನ ಹಿಂದೆ ಬರೆದುಕೊಟ್ಟಿರಲ್ಲ, ಒಲೆ ಆರಿಸಿದ ಮೇಲೇ ಮಿಸೊ ಕದಡಿ ಅಂತ. ಹಾಗೇ ಮಾಡಿದೆ. ಪರಿಮಳ ಹಾಗೇ ಉಳಿಯಿತು. ಬಂದವರು ಇನ್ನೊಂದು ಬಟ್ಟಲು ಕೇಳಿದರು, ನಾನು ಅಳುಕಿಲ್ಲದೆ ಬಡಿಸಿದೆ.

ತುಂಬಾ ಥ್ಯಾಂಕ್ಸ್, ಅಕ್ಕಾ. ಮುಂದಿನ ಸಲ ಗೊಚುಜಾಂಗ್ ಎಂಬ ಕೊರಿಯನ್ ಮೆಣಸಿನಕಾಯಿ ಪೇಸ್ಟ್ ಬಗ್ಗೆ ಕೇಳಲು ಬರುತ್ತೇನೆ.